ಉಳವಪ್ಪನ ಸೇವಾ ಪಗಾರ

ಸರಕಾರ ಕೊನೆಗೂ ತನ್ನ ಯೋಗ್ಯತೆಯನ್ನು ಗುರುತಿಸಿತು ಎಂದು ಉಳವಪ್ಪನಿಗೆ ಖಾತ್ರಿಯಾದದ್ದು ೧೯೯೮ರ ಒಂದು ಸೋಮವಾರ, ಪೋಸ್ಟಿನ ಗುಲಾಬಸಾಬ ಒಂದರ ಬದಲು ಎರಡು ಮನಿಆರ್ಡರು ತಂದಾಗ!

ಎರಡೂ ರುಕ್ಮವ್ವನ ಹೆಸರಿಗೇ ಇದ್ದವು. ರುಕ್ಮವ್ವ ಉಳವಪ್ಪನ ಸೋದರತ್ತೆ, ಮಕ್ಕಳಿಲ್ಲದ ವಿಧವೆ. ಹಳ್ಳಿಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಧಾರವಾಡದ ಮಾಳಮಡ್ಡಿಯ ಇವರ ಮನೆಗೆ ಬಂದು ಹಾಸಿಗೆ ಹಿಡಿದಿದ್ದಳು. ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ. ಹಳ್ಳಿಯ ಪಟ್ಟಿಯಲ್ಲಿದ್ದ ಅವಳ ಮಾಸಾಶನವನ್ನು (ನಮ್ಮ ಕಡೆ ಅದಕ್ಕೆ ಪಗಾರ ಅಂತಲೇ ಹೆಸರು) ಉಳವಪ್ಪ ಓಡಾಡಿ ಧಾರವಾಡಕ್ಕೆ ಬದಲಾಯಿಸಿದ್ದ. ಹಳೆಯ ಪಟ್ಟಿಯಲ್ಲಿ ಹೆಸರು ಹೊಡೆದುಹಾಕುವುದನ್ನು ಯಾರೋ ಮರೆತಿದ್ದರು; ಹಳ್ಳಿಯ ಪೋಸ್ಟಿನವರು ಆ ಹಣವನ್ನೂ ಇಲ್ಲಿಗೇ ತಿರುಗಿಸಿದ್ದರು. ಸಂಗತಿ ಇಷ್ಟೇ. ಆದರೆ ಇಷ್ಟನ್ನು ಇಷ್ಟಕ್ಕೇ ಬಿಡುವ ಗಂಡಸಲ್ಲ ಉಳವಪ್ಪ.

"ಏ ಕಾವೇರಿ, ತಿಳೀತೇನ? ಒಂದು ಅತ್ತೀಗೆ. ಇನ್ನೊಂದು ಅತ್ತೀನ್ನ ಜ್ವಾಕಿ ಮಾಡಾವರಿಗೆ! ಸೇವಾ ಪಗಾರ!"

"ಹಂಗಾದ್ರ ಅದು ನಂದಲ್ಲೇನ್ರಿ?" ಎಂದಳು ಹೆಂಡತಿ.

ಎರಡು ವರ್ಷದಿಂದ ಮುದುಕಿಯನ್ನು ಎತ್ತಿ, ಇಳಿಸಿ, ಮೈ ತೊಳೆದು ಅವಳ ನಡು ಕುಡುಗೋಲಾಗಿತ್ತು. ಉಳವಪ್ಪನ ಸೇವೆಯೆಂದರೆ, ಹಿಟ್ಟಿನ ಗಿರಣಿಗೆ ಹೋಗುವಾಗ ಬಾಗಿಲಲ್ಲಿ ನಿಂತು, "ಅತ್ತಿ, ಆರಾಮದೀಯೇನ?" ಎಂದು ಕೂಗುವುದು.

ಕಾವೇರಿ ಆ ಹಣದಲ್ಲಿ ಸೀರೆ ಕೊಳ್ಳಲಿಲ್ಲ. ಹಿಂದಿನ ಓಣಿಯ ಮೌಲಾಬಿಯನ್ನು ಮುಂಜಾನೆಯ ಎತ್ತುವ, ತೊಳೆಯುವ ಕೆಲಸಕ್ಕೆ ಗೊತ್ತುಮಾಡಿದಳು. ಎಂಟು ತಿಂಗಳು ಕಾವೇರಿಯ ನಡುವಿಗೆ ಹಬ್ಬವೋ ಹಬ್ಬ! ಇದೊಂದು ತಪ್ಪದಿರಲಿ ದೇವರೇ ಎಂದು ದಿನಾ ದೀಪ ಹಚ್ಚುತ್ತಿದ್ದಳು.

ತಪ್ಪಿಸಲಿಕ್ಕೆ ಗಂಡನಿದ್ದನಲ್ಲ! ಇಷ್ಟು ಉಪಕಾರ ಮಾಡಿದ ಸರಕಾರಕ್ಕೆ ಆಭಾರ ಮನ್ನಿಸದಿದ್ದರೆ ಮನೆತನಕ್ಕೇ ಕುಂದು ಎಂದು, ಗಿರಣಿಯಲ್ಲಿ ಕುಳಿತು ಹಿಟ್ಟಿನ ಕೈಯಿಂದಲೇ ತಹಶೀಲ್ದಾರ ಕಚೇರಿಗೆ ಎರಡು ಪುಟ ಕಾಗದ ಬರೆದ: "ಬೆಳಗಿನ ಐದಕ್ಕೆದ್ದು ಪೂಜ್ಯ ಅತ್ತೆಯವರಿಗೆ ಅಭ್ಯಂಜನ ಮಾಡಿಸಿ, ಸ್ವಹಸ್ತದಿಂದ ಅಂಬಲಿ ಕುಡಿಸಿ, ಮಲಮೂತ್ರಾದಿಗಳನ್ನು ನಿವಾರಿಸಿ ಧನ್ಯನಾಗುತ್ತಿರುವ ಈ ಪಾಮರನಿಗೂ ಎರಡನೆಯ ಪಗಾರ ದಯಪಾಲಿಸಿದ ತಮಗೆ..."

ಹದಿನೈದೇ ದಿನ. ಕಚೇರಿಯಿಂದ ಲೆಕ್ಕಪತ್ರ ನೋಡುವ ತಲಾಟಿ ಸಾಹೇಬರು ಬಂದೇಬಿಟ್ಟರು! ಸನ್ಮಾನವೇ ನಡೆದು ಬಂತೆಂದು ಉಳವಪ್ಪ ತಲೆಗೆ ಪಟಗಾ ಸುತ್ತಿಕೊಂಡು, ಚಹಾ ಚುರುಮುರಿ ತರಿಸಿ, ತಾನೇ ಮೊದಲ ಮುಕ್ಕು ಹಾಕಿಕೊಂಡ.

"ಈ ಕಾಗದ ಬರದಾವರು ನೀವೇನ್ರಿ?"

"ನಾನ ರೀ! ಅಕ್ಷರ ಛಲೋ ಅದಾವಲ್ರಿ?"

"ಭಾಳ ಛಲೋ. ನೀವು ಬರೀದಿದ್ರ ನಮಗ ಗೊತ್ತ ಆಗತಿದ್ದಿಲ್ಲ. ಒಬ್ಬಾಕಿಗೆ ಎರಡೆರಡು ಪಗಾರ ಹೋಗ್ಯಾವ. ಇನ್ನ ಎಂಟು ತಿಂಗಳು ಏನೂ ಬರೂದಿಲ್ರಿ. ಹೆಚ್ಚಿಗಿ ಹೋದದ್ದಕ್ಕ ವಜಾ."

ಉಳವಪ್ಪ ಎರಡನೆಯ ಮುಕ್ಕನ್ನು ತಿರುಗಿ ತಟ್ಟೆಗೇ ಹಾಕಿದ. ಒಳಗಿನಿಂದ ಕಾವೇರಿ ಓಡಿ ಬಂದಳು.

"ಸಾಹೇಬರ, ಆ ರೊಕ್ಕ ಎಲ್ಲಾ ಮೌಲಾಬಿಗೆ ಕೊಟ್ಟು ಮುಗದೈತ್ರಿ. ಆಕಿನ್ನ ಬಿಡಿಸಿದ್ರ ಮುದುಕೀನ್ನ ಯಾರು ಎತ್ತಬೇಕ್ರಿ? ನನ್ನ ನಡಾ ಹೋಗೇತಿ."

ತಲಾಟಿ ಬೆರಗಾಗಿ ಕಾಗದ ತಿರುವಿದರು. "ಎಲ್ಲಾ ನಾನ ಮಾಡತೇನಿ ಅಂತ ಇವರು ಸಹಿ ಮಾಡಿ ಕೊಟ್ಟಾರಲ್ಲವಾ?" ಎಂದು ಮೊದಲಿಂದ ಕೊನೆಯವರೆಗೆ ಓದಿ ತೋರಿಸಿದರು.

ಕಾವೇರಿ ಗಂಡನ ಕಡೆ ತಿರುಗಿದಳು. "ಹೌದೇನ್ರಿ? ಐದಕ್ಕ ಏಳತೀರೇನ್ರಿ?"

ಸುಳ್ಳೆಂದರೆ ಸರಕಾರ ಎದುರಿಗೇ ಕುಳಿತಿದೆ. ಖರೆ ಎಂದರೆ ಹೆಂಡತಿ ಎದುರಿಗೇ ನಿಂತಿದ್ದಾಳೆ. ಉಳವಪ್ಪ ಪಟಗಾ ಬಿಚ್ಚಿ ಬೆವರು ಒರೆಸಿಕೊಂಡ.

"ಹೂಂ... ಏಳತೇನಿ."

"ಸಾಹೇಬರ, ಬರಕೋರಿ," ಎಂದಳು ಕಾವೇರಿ.

ಮರುದಿನ ಐದಕ್ಕೆ ಉಳವಪ್ಪ ಬಚ್ಚಲಲ್ಲಿದ್ದ. ಪಾಪ, ಕೆಲಸ ಕಲಿಸಿ ಹೋಗುತ್ತೇನೆಂದು ಮೌಲಾಬಿ ಪುಕ್ಕಟೆ ಬಂದಿದ್ದಳು. "ಹಂಗಲ್ಲ ಕಾಕಾ! ಅದೇನು ಜ್ವಾಳದ ಚೀಲ ಏನ್ರಿ? ಬೆನ್ನಿಗೆ ಕೈ ಕೊಡ್ರಿ. ನೀರು ಮೂಗಿನಾಗ ಬ್ಯಾಡ್ರಿ!"

ಕಾವೇರಿ ಒಲೆಯ ಮುಂದೆ ಕುಳಿತು ಬಿಸಿ ಚಹಾ ಹೀರುತ್ತಿದ್ದಳು. ಆಗ ಸಬಕಾರದ ನೊರೆಯ ಒಳಗಿನಿಂದ ರುಕ್ಮವ್ವನ ಕೂಗು ಓಣಿಗೆಲ್ಲ ಕೇಳಿಸಿತು:

"ಕಾವೇರೀ, ಪಗಾರ ಚಾಲೂ ಆತಂದ್ರ ಮೊದಲ ಈ ಆಳಮಗನ್ನ ಬಿಡಸು!"