ಕೊನೆ ಬಸ್ಸಣ್ಣನ ಡ್ರೈವಿಂಗ್ ಪಾಠ

ಮಗಳಿಗೆ ಕಾರು ಕಲಿಸಿದರೆ ನಾನೇ ಕಲಿಸಬೇಕು, ಅದು ಬೇರೆ ಯಾರ ಕೈಲೂ ಆಗುವ ಕೆಲಸವಲ್ಲ! ಹಾಗೆಂದು ಊಟದ ಮೇಜಿನ ಮುಂದೆ ಘೋಷಿಸಿಯೇಬಿಟ್ಟೆ. ನಾನು ನಗರಸಭೆಯ ಶವವಾಹನದ ಚಾಲಕ. ಕೆಲಸಕ್ಕೆ ಸೇರಿದಂದಿನಿಂದ ಗಾಡಿಗೆ ಒಂದು ಗೀರು ಬಿದ್ದಿಲ್ಲ. ಒಬ್ಬ ಪ್ರಯಾಣಿಕನೂ ದೂರು ಕೊಟ್ಟಿಲ್ಲ! ಊರಿನವರೆಲ್ಲ ನನ್ನನ್ನು ಪ್ರೀತಿಯಿಂದ ‘ಕೊನೆ ಬಸ್ಸಣ್ಣ’ ಎನ್ನುತ್ತಾರೆ.

“ಡ್ರೈವಿಂಗ್ ಸ್ಕೂಲಿಗೆ ಸೇರಿಸೋಣ ರೀ,” ಎಂದಳು ಹೆಂಡತಿ. “ನಿಮ್ಮ ಸ್ಪೀಡಲ್ಲಿ ಹೋದ್ರೆ ಇವಳು ಕಾಲೇಜು ಮುಟ್ಟೋ ಹೊತ್ತಿಗೆ ಪರೀಕ್ಷೆ ಮುಗಿದಿರುತ್ತೆ.”

“ಗಾಂಭೀರ್ಯ ಅನ್ನೋದು ಒಂದಿದೆ ಕಣೇ!” ಎಂದೆ.

ನಮ್ಮ ಹಳೇ ಕಾರಿನಲ್ಲಿ ಪಾಠ ಶುರುವಾಯಿತು. ಹಗಲಲ್ಲೂ ಹೆಡ್‌ಲೈಟ್ ಉರಿಯುತ್ತಿರಬೇಕು. ಹಾರ್ನ್ ಮುಟ್ಟುವುದು ಮಹಾಪರಾಧ. ಬ್ರೇಕ್ ಒತ್ತಿದ್ದು ಹಿಂದೆ ಮಲಗಿದವರಿಗೆ ಗೊತ್ತೇ ಆಗಬಾರದು. ಇನ್ನೊಂದು ಗಾಡಿಯನ್ನು ಹಿಂದೆ ಹಾಕುವ ಯೋಚನೆ ಕನಸಿನಲ್ಲೂ ಸುಳಿಯಬಾರದು! ಮಗಳು ಆಕ್ಸಿಲರೇಟರ್ ಮೇಲೆ ಕಾಲಿಟ್ಟಾಗಲೆಲ್ಲ ನಾನು “ನಿಧಾನ, ನಿಧಾನ” ಎಂದು ಜಪ ಮಾಡುತ್ತಿದ್ದೆ.

“ಅಪ್ಪಾ, ಸೈಕಲ್ಲಿನವರೂ ನಮ್ಮನ್ನ ದಾಟಿ ಹೋಗ್ತಿದ್ದಾರೆ.”

“ಹೋಗ್ಲಿ ಬಿಡಮ್ಮ. ಕೊನೆಗೆ ಎಲ್ರೂ ನನ್ನ ಗಾಡಿಗೇ ಬರ್ಬೇಕು ತಾನೇ?”

ಒಂದು ಭಾನುವಾರ ಹೆಂಡತಿಯೂ ಹಿಂದಿನ ಸೀಟಿನಲ್ಲಿ ಕುಳಿತಳು. ಅವಳ ತಂಗಿಯ ಮನೆಗೆ ಹೊರಟಿದ್ದೆವು, ಮಗಳೇ ಸಾರಥಿ. ಮಾರುಕಟ್ಟೆ ರಸ್ತೆ ಸೇರುವಷ್ಟರಲ್ಲಿ, “ರೀ, ಯಾಕೋ ಎದೆ ಹಿಂಡ್ತಾ ಇದೆ,” ಎಂದಳು. ತಿರುಗಿ ನೋಡಿದರೆ ಮುಖವೆಲ್ಲ ಬೆವರು. ನೋಡನೋಡುತ್ತಲೇ ಸೀಟಿನ ಮೇಲೆ ಉದ್ದಕ್ಕೆ ಒರಗಿಬಿಟ್ಟಳು.

“ಈಚೆ ಬಾ, ಇದು ಕಲಿಯೋರ ಕೆಲಸ ಅಲ್ಲ!” ಎಂದು, ಕಾರು ಬದಿಗೆ ನಿಂತೊಡನೆ ಮಗಳನ್ನು ಎಬ್ಬಿಸಿ ನಾನೇ ಸ್ಟೀರಿಂಗ್ ಹಿಡಿದೆ. ಆಸ್ಪತ್ರೆ ಆ ರಸ್ತೆಯ ಕೊನೆಗೇ ಇತ್ತು. ಆದರೆ ನನ್ನ ಕಾಲು? ಅದು ತುಳಿಯಲೊಲ್ಲದು! ಹಿಂದೆ ಒಬ್ಬರು ಮಲಗಿದ್ದಾರೆಂದರೆ ಅದಕ್ಕೆ ಗೊತ್ತಿದ್ದದ್ದು ಒಂದೇ ವೇಗ. ತಲೆ ಎಷ್ಟು ಬಡಿದುಕೊಂಡರೂ ಕಾಲು ಕೇಳಲಿಲ್ಲ.

ಹಣ್ಣಿನಂಗಡಿಯವನು ನನ್ನನ್ನು ಕಂಡ, ಉರಿಯುವ ಹೆಡ್‌ಲೈಟ್ ಕಂಡ, ಹಿಂದೆ ಮಲಗಿದವಳನ್ನು ಕಂಡ. ತಕ್ಷಣ ಟೋಪಿ ತೆಗೆದು ತಲೆ ತಗ್ಗಿಸಿ ನಿಂತ! ಅವನನ್ನು ನೋಡಿ ಪಕ್ಕದ ದರ್ಜಿಯೂ ಎದ್ದು ನಿಂತ. ಹಿಂದಿನ ಕಾರುಗಳು ಒಂದೊಂದಾಗಿ ಲೈಟ್ ಹಾಕಿಕೊಂಡು ಮೌನವಾಗಿ ಸಾಲುಗಟ್ಟಿದವು. ಟ್ರಾಫಿಕ್ ಪೊಲೀಸಿನವನಂತೂ ನಾಲ್ಕೂ ಕಡೆಯ ಗಾಡಿ ತಡೆದು ಸೆಲ್ಯೂಟ್ ಹೊಡೆದ. ಮುಂದೆ ರಸ್ತೆ ಪೂರ್ತಿ ಖಾಲಿ. ಆದರೂ ನಾನು ತೆವಳುತ್ತಲೇ ಇದ್ದೆ.

“ರೀ,” ಹಿಂದಿನಿಂದ ಕ್ಷೀಣ ದನಿ ಬಂತು. “ನಾನಿನ್ನೂ ಇದ್ದೀನಿ ಅಂತ ಅವರಿಗೆ ಹೇಳ್ರೀ.”

“ನಿಲ್ಸಪ್ಪಾ!” ಮಗಳು ಕಿರುಚಿದಳು. “ಹಿಂದೆ ಹೋಗಿ ಅಮ್ಮನ ಕೈ ಹಿಡ್ಕೋ. ನಾನು ಓಡಿಸ್ತೀನಿ.”

ಗಾಡಿ ನಿಲ್ಲಿಸಿ ಹಿಂದೆ ಹೋದೆ. ಹಾರ್ನ್ ಮೇಲೆ ಕೈಯಿಟ್ಟ ಮಗಳು ಅದನ್ನು ಎತ್ತಲೇ ಇಲ್ಲ. ನನ್ನ ಪಾಠಗಳನ್ನೆಲ್ಲ ಗಾಳಿಗೆ ತೂರಿ ಕಾರು ಹಾರಿತು! ಹಿಂದೆ ಕೂತು ಅಳುವವರನ್ನು ನಾನು ಇಷ್ಟು ವರ್ಷ ಕನ್ನಡಿಯಲ್ಲಷ್ಟೇ ಕಂಡಿದ್ದೆ. ಹೆಂಡತಿಯ ಕೈ ತಣ್ಣಗಿತ್ತು. ಆ ಕೈ ಬಿಟ್ಟುಹೋದರೆ ನನಗೆ ಯಾರೂ ಇಲ್ಲ ಎಂದು ಹೆದರಿದೆ. “ಇನ್ನೂ ಬೇಗ ಮಗಳೇ, ಇನ್ನೂ ಬೇಗ!” ಎಂದು ಅರಚುತ್ತಿದ್ದವನು ನಾನೇ ಎಂದು ಆಮೇಲೆ ಮಗಳು ಹೇಳಿದಳು.

ಸಂಜೆ ಡಾಕ್ಟರು ಹೊರಗೆ ಬಂದರು. “ಇನ್ನು ಭಯ ಇಲ್ಲ. ಸ್ವಲ್ಪ ತಡವಾಗಿದ್ರೂ ಕಷ್ಟ ಆಗ್ತಿತ್ತು. ಗಾಡಿ ಓಡಿಸಿದ್ದು ನೀವೇ ಅಲ್ವಾ?”

ಮಗಳತ್ತ ಬೆರಳು ತೋರಿಸಿದೆ.

ಒಳಗೆ ಹೋಗಿ ಹೆಂಡತಿಯ ಪಕ್ಕ ನಿಂತದ್ದೇ ತಡ, ತಡೆಯಲಾಗದೆ ಬಿಕ್ಕಿಬಿಕ್ಕಿ ಅತ್ತೆ. ಅವಳು ಮೆಲ್ಲಗೆ ಕಣ್ಣು ತೆರೆದು ಹತ್ತಿರ ಕರೆದಳು. ಏನೋ ಅಕ್ಕರೆಯ ಮಾತಿರಬೇಕೆಂದು ಬಗ್ಗಿದೆ.

“ಹೊರಗೆ ಹೋಗೋ ಮುಂಚೆ ಕಣ್ಣೊರೆಸ್ಕೊಳ್ರೀ. ಈ ಆಸ್ಪತ್ರೇಲಿ ನೀವು ಎಲ್ರಿಗೂ ಗೊತ್ತು. ನೀವು ಅಳ್ತಾ ಹೋಗೋದು ಕಂಡ್ರೆ ನನ್ನ ಮಂಚ ಬೇರೆಯವರಿಗೆ ಕೊಟ್ಬಿಡ್ತಾರೆ!”