ಮೂರು ಸೀಟಿನ ಕೆರೆ

ನಮ್ಮ ಕಾಕಾನಿಗೆ ಹುಚ್ಚು ಹಿಡಿದಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನೆಲ್ಲ ಓದಿದ ಮೇಲೆ ಹೇಳಿದರೆ ನೀವು ನಂಬುವುದಿಲ್ಲ!

ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ಮದುವೆಯಾಗದೆ ಜಹೀರಾಬಾದಿನ ನಮ್ಮ ಮನೆಯಲ್ಲೇ ಇದ್ದ. ಸರಕಾರಿ ಬಸ್ಸಿನಲ್ಲಿ ಕಂಡಕ್ಟರ್, ನಾರಾಯಣಖೇಡದ ರೂಟು. ಹಣೆಯ ತುಂಬ ವಿಭೂತಿ, ಹೆಗಲಿಗೆ ಚರ್ಮದ ಚೀಲ, ಬಾಯಲ್ಲಿ ಸೀಟಿ. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಅನ್ನುತ್ತಾರಲ್ಲ, ಆ ಎಡವಟ್ಟ ದಿನಾ ನೂರಾರು ಜನರನ್ನು ಸರಿಯಾದ ದಾರಿಯಲ್ಲಿ ಊರು ಮುಟ್ಟಿಸುತ್ತಿದ್ದ ಎಂಬುದೇ ನನಗೆ ಇವತ್ತಿಗೂ ಆಶ್ಚರ್ಯ.

ಆ ವರ್ಷ ನನಗೆ ನಾರಾಯಣಖೇಡದ ಒಬ್ಬ ಗಂಡು ಗೊತ್ತಾಗಿದ್ದ. ಸ್ಕೂಲ್ ಮಾಸ್ತರ. ಅವನ ಅಪ್ಪ ತೊಗರಿ ವ್ಯಾಪಾರಸ್ಥರು, ನಮ್ಮಂತೆಯೇ ಲಿಂಗವಂತರು, ನಮಗಿಂತ ಒಂದು ಕೈ ಹೆಚ್ಚು ಮಡಿಯವರು. ನನ್ನನ್ನು ನೋಡಲು ಬಂದವರೆಲ್ಲ ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳಿದರೆ, ಆ ಮಾಸ್ತರ ಮಾತ್ರ ‘ಏನು ಓದತೀರಿ?’ ಎಂದು ಕೇಳಿದ. ಆ ಒಂದು ಪ್ರಶ್ನೆಗೆ ನಾನು ಮನಸ್ಸಿನಲ್ಲೇ ಒಪ್ಪಿಗೆ ಕೊಟ್ಟುಬಿಟ್ಟಿದ್ದೆ. ಇನ್ನು ನಿಶ್ಚಯ ಒಂದು ಬಾಕಿ. ಈ ಮದುವೆ ಆಗಬೇಕೆಂದು ನಾನು ದೇವರಿಗೆ ಬೇಡಿಕೊಳ್ಳುತ್ತಿದ್ದ ಹೊತ್ತಿನಲ್ಲೇ ನಮ್ಮ ಕಾಕಾನಿಗೆ ಹಲ್ಲುನೋವು ಬಂತು!

ಹಲ್ಲು ಕೀಳಿಸಲು ಹೈದರಾಬಾದಿಗೆ ಹೋದ. ಅಲ್ಲಿಯ ದವಾಖಾನೆಯಲ್ಲಿ ಒಂದು ಗಾಜಿನ ಪೆಟ್ಟಿಗೆ ಇತ್ತಂತೆ, ಅದರೊಳಗೆ ಬಣ್ಣಬಣ್ಣದ ಮೀನು ಓಡಾಡುತ್ತಿದ್ದವಂತೆ. ಇವನು ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತವನು, ಹೆಸರು ಕೂಗಿದ್ದೂ ಕೇಳಿಸದೆ, ಹಲ್ಲನ್ನು ಇದ್ದಲ್ಲೇ ಬಿಟ್ಟು ವಾಪಸು ಬಂದ. ಹಲ್ಲು ಉಳಿಯಿತು, ಬುದ್ಧಿ ಮಾತ್ರ ಹೈದರಾಬಾದಿನಲ್ಲಿ ಉಳಿಯಿತು.

“ವೈನಿ, ನಮ್ಮ ಮನ್ಯಾಗೂ ಒಂದು ಸಣ್ಣ ಕೆರಿ ಮಾಡ್ತೀನಿ,” ಎಂದ ನಮ್ಮ ಅವ್ವನಿಗೆ.

“ಕೆರಿ? ಎಲ್ಲಿ ಮಾಡ್ತೀ?”

“ಪಡಸಾಲ್ಯಾಗ!”

ಅವ್ವ ಒಲೆಯ ಮೇಲಿನ ಬೇಳೆ ಉಕ್ಕಿದ್ದನ್ನೂ ನೋಡದೆ ಅವನ ಮುಖವನ್ನೇ ನೋಡುತ್ತ ನಿಂತಳು.

ಕೆರೆ ಕಟ್ಟುವ ಕೆಲಸ ಶುರುವಾಯಿತು. ಗಾಜು ಒಡೆಯುತ್ತದೆ, ಕಲ್ಲು ಒಡೆಯುವುದಿಲ್ಲ ಎಂಬುದು ಅವನ ತರ್ಕ. ಬೇಡಿಕೊಂಡು ತಾಂಡೂರಿಗೆ ಡ್ಯೂಟಿ ಹಾಕಿಸಿಕೊಂಡು ಹೋಗಿ, ನೆಲಕ್ಕೆ ಹಾಸುವ ಬಂಡೆಯ ತುಂಡುಗಳನ್ನು ಬಸ್ಸಿನಲ್ಲಿ ಹೇರಿಕೊಂಡು ಬಂದ. ತನ್ನ ಬಂಡೆಗೆ ತಾನೇ ಲಗೇಜು ಟಿಕೀಟು ಹರಿದುಕೊಂಡನಂತೆ, ಪ್ರಾಮಾಣಿಕತನ ನೋಡಿರಿ! ತಳಕ್ಕೆ ಬಂಡೆ, ಮೂರು ಬದಿಗೆ ಬಂಡೆ, ಸಂದಿಗಳಿಗೆಲ್ಲ ಡಾಂಬರು. ಒಳಗೆ ಹಿಡಿಯುವುದು ಅರ್ಧ ಕೊಡ ನೀರು, ಎತ್ತಲು ಬೇಕು ಇಬ್ಬರು ಹಮಾಲರು. ಮೂಗಿಗಿಂತ ಮೂಗುತಿ ಭಾರ ಎಂಬುದನ್ನು ನಾನು ಕಣ್ಣಾರೆ ಕಂಡದ್ದು ಅವತ್ತೇ.

ಮುಂದಿನ ಬದಿಗಾದರೂ ಗಾಜು ಬೇಕಲ್ಲ? ಮರುದಿನ ನೋಡಿದರೆ ಗೋಡೆಯ ಮೇಲಿನ ನಮ್ಮ ಅಜ್ಜನ ಫೋಟೋಕ್ಕೆ ಗಾಜೇ ಇಲ್ಲ!

“ಖೋಡಿ, ಅಪ್ಪನ ಫೋಟೋದ ಕಾಜ ಕಿತ್ತೀಯಲ್ಲೋ!” ಎಂದು ಅಪ್ಪ ಕೂಗಾಡಿದ.

“ಎಷ್ಟು ವರ್ಷ ಆತು ಅಣ್ಣ, ಕಾಜಿನ ಹಿಂದ ಕುಂತಾನ. ಪಾಪ, ಅವಗೂ ಜರಾ ಗಾಳಿ ಬ್ಯಾಡೇನು?” ಎಂದ ಕಾಕಾ.

ನೀರಿನ ಕಥೆ ಕೇಳಿದರೆ ನಿಮಗೂ ಸಿಟ್ಟು ಬಂದೀತು. ನಮ್ಮ ಹಿತ್ತಲ ಬಾವಿಯದು ಸೌಳು ನೀರು. ಸಿಹಿನೀರು ಬೇಕೆಂದರೆ ಎರಡು ಓಣಿ ದಾಟಿ ಹೋಗಬೇಕು, ತರುವವಳು ನಾನು. ಮನುಷ್ಯರು ಸೌಳು ನೀರಲ್ಲಿ ಮುಖ ತೊಳೆಯಬಹುದಂತೆ, ಮೀನಿಗೆ ಅದು ಕಣ್ಣು ಉರಿಯುತ್ತದಂತೆ! ಇನ್ನೂ ಬಾರದಿದ್ದ ಮೀನಿಗಾಗಿ ನಾನು ನೀರು ಹೊತ್ತೆ. ಆ ಬಂಡೆಯ ಟಾಕಿ ಸೋರಿತು. ಮತ್ತೆ ಡಾಂಬರು, ಮತ್ತೆ ನೀರು. ಮತ್ತೆ ಸೋರಿತು. ನೆತ್ತಿಯ ಕೂದಲು ಸವೆದು ನಿಶ್ಚಯಕ್ಕೆ ಬೋಳು ತಲೆಯಲ್ಲಿ ಕೂಡಬೇಕಾದೀತೆಂದು ನಾನು ಅತ್ತದ್ದೂ ಉಂಟು.

ಕೊನೆಗೆ ಅದು ಸೋರುವುದು ನಿಂತಿತು. ಈಗ ಅದರೊಳಗೆ ಯಾರು ವಾಸ ಮಾಡಬೇಕು ಎಂಬ ಪ್ರಶ್ನೆ ಎದ್ದಿತು. ಕಾಕಾ ರಜೆ ಹಾಕಿ ಹೈದರಾಬಾದಿನ ಮೀನಿನ ಅಂಗಡಿಗೆ ಹೋದ. ಬಂಗಾರದ ಮೀನನ್ನು ತೋರಿಸಿದರೆ ‘ಪಟೇಲನ ಹಂಗ ಉಬ್ಬ್ಯಾದ, ಒಬ್ಬನೇ ಎರಡು ಸೀಟು ಹಿಡೀತಾನ’ ಎಂದು ಬೇಡವೆಂದ. ಫೈಟರ್ ಎಂಬ ಮೀನನ್ನು ತೋರಿಸಿದರೆ ‘ಅಣ್ಣತಮ್ಮರ ಜೋಡಿ ಜಗಳಾಡೋದು ನಮ್ಮ ಮನಿಗೆ ಬ್ಯಾಡ’ ಎಂದ. ಕಚ್ಚುತ್ತದೆಯೇ, ರಾತ್ರಿ ಗದ್ದಲ ಮಾಡುತ್ತದೆಯೇ, ಸ್ವಭಾವ ಹೇಗೆ, ತಂದೆತಾಯಿ ಎಲ್ಲಿಯವರು, ಮಾಂಸ ತಿನ್ನುತ್ತದೆಯೇ ಎಂದು ಕೇಳಿ ಕೇಳಿ ಆ ಅಂಗಡಿಯವನಿಗೆ ತಲೆ ಕೆಟ್ಟು, “ಮಿಯಾ, ಮಛಲಿ ಲೇನಾ ಹೈ ಕಿ ರಿಶ್ತಾ ಕರ್ನಾ ಹೈ?” ಎಂದನಂತೆ. ಮೀನು ಒಯ್ಯಲು ಬಂದೀರೋ, ಬೀಗತನ ಬೆಳೆಸಲು ಬಂದೀರೋ?

ಇದನ್ನು ಕಾಕಾ ನಗುನಗುತ್ತ ಹೇಳುವಾಗ ನನ್ನ ಮೈ ಉರಿದುಹೋಯಿತು. ನನ್ನ ಗಂಡಿನ ಮನೆಯವರು ಬಂದ ದಿನ ಈ ಮಹಾನುಭಾವ ಕೇಳಿದ ಒಂದೇ ಒಂದು ಪ್ರಶ್ನೆ ಯಾವುದು ಗೊತ್ತೇ? “ಛಾ ಆತೇನ್ರಿ?”

ಹಾಲಿನ ಕ್ಯಾನಿನಲ್ಲಿ ಕೊನೆಗೆ ಬಂದಿಳಿದದ್ದು ಮೂರು ಗಪ್ಪಿ ಮೀನು. ಜೀರಿಗೆಗಿಂತ ಸ್ವಲ್ಪ ದೊಡ್ಡವು, ಬಾಲಕ್ಕೆ ಮಾತ್ರ ಸೀರೆಯ ಸೆರಗಿನಷ್ಟು ಜಂಬ. ಇಷ್ಟು ಕಷ್ಟಪಟ್ಟು ಮೂರೇ ಏಕೆ ಎಂದು ಕೇಳಿದೆ.

“ಇದು ಮೂರು ಸೀಟಿನ ಕೆರಿ. ಮ್ಯಾಲ ಒಂದು ತುಂಬಿದ್ರ ಉಸರು ಹಿಡೀತದ ಅವಕ್ಕ.”

ಕೇಳಿದಿರಾ! ಸಂತೆಯ ದಿನ ಬಸ್ಸಿನಲ್ಲಿ ಒಬ್ಬರ ಮೇಲೊಬ್ಬರನ್ನು ತುರುಕಿ, ಮುದುಕರ ಮೊಣಕಾಲು ಒಬ್ಬನ ಹೊಟ್ಟೆಯಲ್ಲಿ, ಕೋಳಿಯ ಬುಟ್ಟಿ ಇನ್ನೊಬ್ಬನ ತಲೆಯ ಮೇಲೆ ಇರಿಸಿ ಸೀಟಿ ಊದುವ ಮನುಷ್ಯ ಆಡಿದ ಮಾತು ಇದು!

ಮರುದಿನ ಮುಂಜಾನೆ ಓಣಿಯೆಲ್ಲ ಕೇಳುವಂತೆ ಕೂಗಿದ: “ಬರ್ರಿ, ನೋಡ್ರಿ! ಜ್ವಾಳದ ರೊಟ್ಟಿ ತಿನ್ನಲಕತ್ತಾವ! ನಮ್ಮ ಮಂದೀನೇ ಇವು, ಪಕ್ಕಾ ಶಾಕಾಹಾರಿ!” ಎರಡು ದಿನ ಈ ಸಂಭ್ರಮ ನಡೆಯಿತು. ಮೂರನೆಯ ದಿನ ಅವುಗಳಲ್ಲೊಂದು ಮರಿ ಹಾಕಿತು, ಹಾಕಿದ್ದೇ ತಡ ತಿರುಗಿ ಒಂದು ಮರಿಯನ್ನು ಗುಳುಂ ಮಾಡಿತು. ನಾವೆಲ್ಲ ನೋಡುತ್ತಿದ್ದಂತೆಯೇ!

“ಕಾಕಾ, ನಿನ್ನ ಶಾಕಾಹಾರಿ ತನ್ನ ಕೂಸಿನ್ನೇ ತಿಂತಲ್ಲ!” ಎಂದೆ.

ಕಾಕಾ ಗಾಜಿಗೆ ಮೂಗು ಹಚ್ಚಿ ನೋಡಿದ. “ತಿಂದಿಲ್ಲ ತಂಗಿ. ಮುದ್ದ ಕೊಡಾಕ ಹೋಗಿ ಬಾಯಿ ಜಾರ್ಯಾದ.”

ಇಲ್ಲಿಯವರೆಗೆ ನಾನು ಸಹಿಸಿದೆ. ಮುಂದಿನದನ್ನು ಯಾವ ಹೆಣ್ಣುಮಗಳು ಸಹಿಸುತ್ತಾಳೋ ನೀವೇ ಹೇಳಿ.

ನಿಶ್ಚಯಕ್ಕೆ ಇನ್ನು ವಾರವೂ ಇರಲಿಲ್ಲ. ನಮ್ಮ ಬೀಗರಾಗಬೇಕಾದವರು, ಆ ಮಾಸ್ತರನ ಅಪ್ಪ, ನಾರಾಯಣಖೇಡಕ್ಕೆ ಮರಳಲು ಕಾಕಾನ ಬಸ್ಸನ್ನೇ ಹತ್ತಿದರು. ಕಾಕಾ ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಉಪಚಾರ ಮಾಡಿದ.

“ತಯಾರಿ ಹೆಂಗ ನಡದದ್ರಿ?” ಎಂದು ಅವರು ಕೇಳಿದರು.

“ಎಲ್ಲಾ ತಯಾರ್ ಅದರಿ. ಈ ಸಲ ನೀವು ಬರ್ರಿ, ನಮ್ಮ ಮನ್ಯಾಗ ಮೀನ ಅದಾವ!”

“ಏನದಾವ?”

“ಮೀನರಿ, ಮೀನ! ಹೈದರಾಬಾದಿಂದ ತಂದೀನಿ. ಸಣ್ಣವು, ಖರೆ ಏನ್ ನಾಜೂಕ ಅಂತೀರಿ! ಮಂದಿ ಬಂದು ಬಂದು ಕೇಳ್ತಾರ, ನಾ ಯಾರಿಗೂ ಕೊಟ್ಟಿಲ್ಲ. ನೀವು ಬರೋತನಕ ಇರ್ಲಿ ಅಂತ ಇಟ್ಟೀನಿ.”

ಲಿಂಗ ಕಟ್ಟಿಕೊಂಡ ಮನುಷ್ಯ, ಬಾಯಲ್ಲಿ ಉಳ್ಳಾಗಡ್ಡಿಯನ್ನೂ ಇಡದವರು, ಇದನ್ನು ಕೇಳಿ ಏನು ತಿಳಿಯಬೇಕು? ಮುಂದಿನ ಸ್ಟಾಪಿನಲ್ಲೇ ಇಳಿದುಬಿಟ್ಟರಂತೆ. ಇವನು ಕೈ ಬೀಸಿದನಂತೆ!

‘ಸಾಕೀವಿ’ ಎಂಬ ಒಂದು ಶಬ್ದ ಹೆಚ್ಚಿಗೆ ಆಡಿದ್ದರೆ ಇವನ ಗಂಟೇನು ಹೋಗುತ್ತಿತ್ತು? ಮೀನ ಸಾಕೀವಿ. ಮುಗಿಯಿತು! ಆ ಒಂದು ಶಬ್ದ ಬಿದ್ದುಹೋದದ್ದಕ್ಕೆ ನನ್ನ ಮದುವೆ ಬಿದ್ದುಹೋಯಿತು. ಎರಡನೇ ದಿನ ನಾರಾಯಣಖೇಡದ ಮಠದ ಅಯ್ಯನವರು ಬಂದು, ಒಳಗೆ ಕರೆದರೂ ಬಾರದೆ, ಕಟ್ಟೆಯ ಹೊರಗೆ ನಿಂತೇ ಹೇಳಿದರು: “ಮೀನ ತಿನ್ನೋ ಮನಿ ಹೆಣ್ಣ ಬ್ಯಾಡಂತರಿ ಅವ್ರಿಗಿ.” ತಿನ್ನುವವರು ತಿನ್ನಲಿ, ಅದಕ್ಕೆ ನನ್ನ ತಕರಾರಿಲ್ಲ. ತಿನ್ನದೆಯೇ ಹೆಸರು ಹೊತ್ತದ್ದಕ್ಕೆ ನನ್ನ ಸಂಕಟ.

ಅಪ್ಪ ಪಡಸಾಲೆಯಲ್ಲಿ ಕೂತುಬಿಟ್ಟ. ಅವ್ವ ಸೆರಗು ಬಾಯಿಗೆ ಹಚ್ಚಿಕೊಂಡಳು. ಸಂಜೆ ಕಾಕಾ ಡ್ಯೂಟಿ ಮುಗಿಸಿ ಬರುವುದನ್ನೇ ಕಾಯುತ್ತಿದ್ದ ನಾನು ಹೊಸಿಲಲ್ಲೇ ಅಡ್ಡ ನಿಂತೆ.

“ನಿನಗ ನಾ ಹೆಚ್ಚೋ, ಆ ಮೀನ ಹೆಚ್ಚೋ? ಒಂದೇ ಮಾತು ಹೇಳು!”

ಕಾಕಾ ಪಕ್ಕದಿಂದ ನುಸುಳಿ ಒಳಗೆ ಹೋದ. ಚೀಲವನ್ನು ಗೂಟಕ್ಕೆ ಹಾಕಿ, ಊಟ ಮಾಡದೆ ಮಲಗಿದ.

ಮುಂಜಾನೆ ಎದ್ದರೆ ಟಾಕಿ ಖಾಲಿ, ಹಾಲಿನ ಕ್ಯಾನೂ ಇಲ್ಲ, ಕಾಕಾನೂ ಇಲ್ಲ. ಸಂಜೆ ಖಾಲಿ ಕ್ಯಾನು ಹಿಡಿದು ಬಂದ. “ಮಾತಾಡಿ ಬಂದೀನಿ. ಐತ್ವಾರ ಬರ್ತಾರ,” ಎಂದ, ಅಷ್ಟೇ. ಏನು ಮಾತಾಡಿದೆ ಎಂದು ನಾನು, ಅವ್ವ, ಅಪ್ಪ ಸುತ್ತುಗಟ್ಟಿ ಕೇಳಿದರೂ ಜಪ್ಪಯ್ಯ ಅನ್ನಲಿಲ್ಲ! ಊರಿಗೆಲ್ಲ ಮೀನಿನ ಪುರಾಣ ಹೇಳುವವನಿಗೆ ಮನೆಯವರಿಗೆ ಒಂದು ಮಾತು ಹೇಳಲು ಏನು ಧಾಡಿ? ಐತವಾರ ಅವರು ಬಂದರು, ನಿಶ್ಚಯವಾಯಿತು, ಮದುವೆಯೂ ಆಯಿತು. ಮದುವೆಯ ಗದ್ದಲದಲ್ಲೂ ನಾನು ಅವನೊಂದಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಅಷ್ಟು ಸಿಟ್ಟಿತ್ತು.

ನಾರಾಯಣಖೇಡಕ್ಕೆ ಹೋದ ಮೊದಲ ವಾರದಲ್ಲೇ ಒಂದು ದಿನ ಅತ್ತೆಯ ಜೊತೆ ಹಿತ್ತಲ ಬಾವಿಯಲ್ಲಿ ನೀರು ಸೇದುತ್ತಿದ್ದೆ. ಕೊಡದಲ್ಲಿ ಏನೋ ಮಿಣಕ್ಕೆಂದಿತು. ಬಗ್ಗಿ ನೋಡಿದರೆ ಗಪ್ಪಿ!

“ಅದನ್ನ ವಾಪಸ್ ಬಿಡವ್ವ,” ಎಂದರು ಅತ್ತೆ. “ನಿಮ್ಮ ಕಾಕಾರವು ಅವು.”

ಅವತ್ತು ಕಾಕಾ ಕ್ಯಾನು ಹಿಡಿದು ಇವರ ಬಾಗಿಲಲ್ಲಿ ನಿಂತಿದ್ದನಂತೆ. ಮುಚ್ಚಳ ತೆಗೆದು ತೋರಿಸಿದನಂತೆ. ತಪ್ಪು ತಿಳಿದದ್ದಕ್ಕೆ ಮಾವನವರೇ ನಾಚಿ, ‘ಮನಿಗಿ ಒಯ್ದು ಸಾಕ್ಕೋರಿ, ನಮ್ಮದೇನ ತಕರಾರಿಲ್ಲ’ ಎಂದರಂತೆ. ಕಾಕಾ ಒಪ್ಪಲಿಲ್ಲ. ಮತ್ತೆ ಯಾರಾದರೂ ನಮ್ಮ ಹುಡುಗಿಗೆ ಮೀನಿನ ಮನೆಯವಳು ಅಂದಾರೆಂದು, ಅವರ ಅಪ್ಪಣೆ ಕೇಳಿ, ಮೂರನ್ನೂ ಉಳಿದ ಮರಿಗಳನ್ನೂ ಆ ಬಾವಿಗೇ ಬಿಟ್ಟನಂತೆ.

“ಇಷ್ಟ ಜೀವಾ ಇಟ್ಟೀರಿ, ಯಾಕ ಬಿಡ್ತೀರಿ, ಮೊದಲಿಗಿ ಯಾಕ ತಂದ್ರಿ ಅಂತ ನಾನೇ ಕೇಳ್ದೆ ನೋಡವ್ವ,” ಎಂದರು ಅತ್ತೆ. “ಅದಕ್ಕ ಏನಂದ್ರು ಗೊತ್ತೇನು? ‘ದಿನಾ ಸಂಜಿಮುಂದ ನಾ ಮನಿಗಿ ಹೋದ್ರ ಈ ಹುಡುಗಿ ಮಾಡೋ ಕೆಲಸ ಬಿಟ್ಟು ತಲಿ ಎತ್ತಿ ನನ್ನ ಕಡಿ ನೋಡ್ತದರಿ. ಆಕಿ ನಿಮ್ಮ ಮನಿಗಿ ಬಂದ ಮ್ಯಾಲ ಯಾರ ನೋಡ್ತಾರ? ಮೀನ ನೋಡ್ತಾವರಿ. ದವಾಖಾನ್ಯಾಗ ನಾ ಕಾಜಿನ ಹತ್ರ ಹೋದ್ರ ಎಲ್ಲಾವೂ ತಿರುಗಿ ನೋಡಿದ್ವು. ಅದಕ್ಕ ತಂದಿದ್ದೆ’ ಅಂದ್ರು.”

ನಾನು ಕೊಡ ಕೆಳಗಿಟ್ಟೆ. ಎಂಥ ಮನುಷ್ಯ ಇವನು! ಕಂಡವರ ಬಾಗಿಲಲ್ಲಿ ಹೇಳುವ ಮಾತನ್ನು ನನಗೆ ಹೇಳಬಾರದಿತ್ತೇ? ನಾನು ಬಾವಿಯ ಕಟ್ಟೆಯ ಮೇಲೆ ಕುಳಿತು ಜೋರಾಗಿ ಅತ್ತುಬಿಟ್ಟೆ. ಅತ್ತೆಯವರು ನನ್ನ ಬೆನ್ನು ಸವರಿ, ಗಪ್ಪಿಯನ್ನು ತಾವೇ ಬಾವಿಗೆ ಬಿಟ್ಟರು.

ಅವರನ್ನು ಕೇಳಿಯೇ ಅವತ್ತು ಸಂಜೆ ಬಸ್‌ಸ್ಟ್ಯಾಂಡಿಗೆ ಹೋದೆ. ಜಹೀರಾಬಾದಿಗೆ ಮರಳುವ ಬಸ್ಸು ನಿಂತಿತ್ತು. ಕಾಕಾ ಬಾಗಿಲಲ್ಲಿ ಚಿಲ್ಲರೆ ಜೋಡಿಸುತ್ತಿದ್ದ. ನನ್ನನ್ನು ಕಂಡು ಗಾಬರಿಯಾದ.

“ಯಾಕ ಬಂದಿ? ಏನಾತು? ಯಾರ ಏನಂದ್ರು?”

“ಯಾರೂ ಏನೂ ಅಂದಿಲ್ಲ.”

“ಮತ್ಯಾಕ ಬಂದಿ?”

“ಸುಮ್ನ, ನಿನ್ನ ಕಡಿ ನೋಡಾಕ,” ಎಂದೆ.

ಕಾಕಾ ಚಿಲ್ಲರೆಯನ್ನು ಎಣಿಸದೆಯೇ ಚೀಲಕ್ಕೆ ಸುರಿದ. ಆಮೇಲೆ ತಟ್ಟನೆ ಬೆನ್ನು ತಿರುಗಿಸಿ ಬಸ್ಸಿನೊಳಗೆ ಹೋದವನೇ, “ಮುಂದ ಸರೀರಿ, ಮುಂದ ಸರೀರಿ, ಜಾಗಾ ಬಿಡ್ರಿ!” ಎಂದು ದೊಡ್ಡ ದನಿಯಲ್ಲಿ ಕೂಗತೊಡಗಿದ. ಬಸ್ಸನ್ನು ಇನ್ನೂ ಒಬ್ಬರೂ ಹತ್ತಿರಲಿಲ್ಲ.