ಮಾವನ ಜೀಪಿಗೆ ನನ್ನ ಆಪರೇಷನ್

ನಾನು ಕೈಹಾಕಿದ ಯಾವ ಯಂತ್ರವೂ ಇದುವರೆಗೆ ನನ್ನ ಮಾತು ಮೀರಿಲ್ಲ! ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಸೋರುವ ನಲ್ಲಿ, ಎಲ್ಲಕ್ಕೂ ನನ್ನ ಸ್ಪ್ಯಾನರ್ ಕಂಡರೆ ಗಡಗಡ ನಡುಕ. ಹಾಗಾಗಿ ಮಾವನ ಹಳೇ ಜೀಪನ್ನು ಭಾನುವಾರದೊಳಗೆ ಓಡಿಸಿಯೇ ತೀರುತ್ತೇನೆಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದೆ. ಹೆಂಡತಿ ತಲೆ ಎತ್ತಲಿಲ್ಲ.

ಅವಳ ಚಿಂತೆಯೇ ಬೇರೆ. ಸೋಮವಾರ ಮಾವ ಆಪರೇಷನ್ನಿಗೆ ಆಸ್ಪತ್ರೆ ಸೇರಬೇಕಿತ್ತು. ವಾಪಸ್ ಬರುತ್ತಾರಾ ಎಂದು ಕೇಳಿದರೆ ಡಾಕ್ಟರು ಕಿಟಕಿಯ ಕಡೆ ನೋಡುತ್ತಿದ್ದರು. ಅದಕ್ಕೂ ಮೊದಲು ಗುಡ್ಡದ ಮೇಲಿರುವ ಅತ್ತೆಯ ಸಮಾಧಿಯ ಬಳಿ ಸ್ವಲ್ಪ ಹೊತ್ತು ಕೂತು ಬರಬೇಕು ಎಂಬುದೊಂದೇ ಅವರ ಆಸೆ. ಆ ಕಲ್ಲುದಾರಿ ಹತ್ತುವುದು ಆ ಜೀಪೊಂದೇ.

ಇಂಜಿನ್ ಒಂದೇ ಸಲಕ್ಕೆ ಶುರುವಾಯಿತು. ಜೀಪು ಮಾತ್ರ ಕದಲಲಿಲ್ಲ. ಮುಂದಿನ ಗೇರಿಗೂ ಜಪ್ಪಯ್ಯ ಅನ್ನಲಿಲ್ಲ, ರಿವರ್ಸಿಗೂ ಅನ್ನಲಿಲ್ಲ. ಅದರಲ್ಲಿರುವುದು ನಾಲ್ಕು ಸ್ಪೀಡಿನ ಆಟೋಮ್ಯಾಟಿಕ್ ಗೇರ್‌ಬಾಕ್ಸು; ಕ್ಲಚ್ ತುಳಿಯುವ ತಾಪತ್ರಯವಿಲ್ಲ, ತನ್ನ ಗೇರನ್ನು ತಾನೇ ಬದಲಿಸಿಕೊಳ್ಳುತ್ತದೆ. ಗೇರ್‌ಬಾಕ್ಸು ಸತ್ತಿದೆ ಎಂದು ನಾನು ತೀರ್ಪು ಕೊಟ್ಟೆ.

“ರೀ, ಅಪ್ಪನ್ನ ಒಂದು ಮಾತು ಕೇಳಿ. ಅಷ್ಟು ವರ್ಷ ಓಡಿಸಿದವರು ಅವರು.”

“ಕಾಯಿಲೆಯವರಿಗೆ ಯಾಕೆ ತಲೆನೋವು? ರಿಪೇರಿ ಆದಮೇಲೆ ಹೇಳೋಣ” ಅಂದೆ. ನಿಜ ಏನೆಂದರೆ, ಕೇಳಿದರೆ ನನ್ನ ಮರ್ಯಾದೆ ಹೋಗುತ್ತಿತ್ತು.

ಗೇರ್‌ಬಾಕ್ಸನ್ನು ಇಳಿಸಿದೆ, ಬಿಚ್ಚಿದೆ. ಒಳಗಿನಿಂದ ಕೆಂಪು ಎಣ್ಣೆ ಶೆಡ್ಡಿನ ತುಂಬ ಹರಿಯಿತು. ಪ್ಲೇಟು, ಬಳೆ, ಗುಂಡುಗಳು ಬಂದವು, ಬರುತ್ತಲೇ ಇದ್ದವು. ಇಡಲು ಜಾಗ ಸಾಲದೆ ಅಡುಗೆಮನೆಗೆ ಸಾಗಿಸಿದೆ. ಅಲ್ಲೊಂದು ಸ್ಪ್ರಿಂಗು ಚಂಗನೆ ಹಾರಿ ಹಾಲಿನ ಪಾತ್ರೆಗೆ ಬಿತ್ತು. ಹೆಂಡತಿ ಅದನ್ನು ಸೌಟಿನಿಂದ ಎತ್ತಿ ನನ್ನ ತಟ್ಟೆಗೆ ಬಡಿಸಿದಳು.

ಶನಿವಾರ ಸಂಜೆಯಾದರೂ ಎರಡು ತುಂಡು ಒಂದಕ್ಕೊಂದು ಕೂಡಿಕೊಳ್ಳಲಿಲ್ಲ. ಗ್ಯಾರೇಜಿನವರು ಫೋನಿನಲ್ಲೇ ಎರಡು ವಾರ ಬೇಕೆಂದರು.

ಭಾನುವಾರ ಬೆಳಿಗ್ಗೆ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗಾಲಿಕುರ್ಚಿಯಲ್ಲಿ ಶೆಡ್ಡಿಗೆ ಬಂದರು. ನೆಲದ ಮೇಲಿನ ರಾಶಿಯನ್ನು ಬಹಳ ಹೊತ್ತು ನೋಡಿದರು.

“ಗಾಡಿ ಕದಲಲಿಲ್ಲ, ಅಲ್ವಾ?”

“ಇಲ್ಲ ಮಾವ.”

“ದೊಡ್ಡ ಗೇರಿನ ಪಕ್ಕ ಚಿಕ್ಕದೊಂದು ಲಿವರ್ ಇದೆಯಲ್ಲ, ನಾಲ್ಕೂ ಚಕ್ರಕ್ಕೆ ಎಳೆತ ಕೊಡೋದು? ಅದನ್ನ ನಡುಮಧ್ಯ ಇಟ್ಟರೆ ಯಾವ ಗೇರು ಹಾಕಿದ್ರೂ ಗಾಡಿ ಹೋಗಲ್ಲ. ಕಳ್ಳರು ಓಡಿಸ್ಕೊಂಡು ಹೋಗಬಾರದು ಅಂತ ನಾನೇ ಯಾವಾಗಲೂ ಹಾಗಿಡ್ತಿದ್ದೆ. ಮುಂದಕ್ಕೆ ತಳ್ಳಿದ್ರೆ ಆಗಿತ್ತು.”

ಆ ಲಿವರ್ ನನಗೆ ಚೆನ್ನಾಗಿ ಗೊತ್ತು. ವಾರವಿಡೀ ಕೈ ಒರೆಸುವ ಬಟ್ಟೆಯನ್ನು ಅದಕ್ಕೇ ನೇತುಹಾಕಿದ್ದೆ! ಹೆಂಡತಿ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮಾವ ತಮ್ಮನ್ನು ಜೀಪಿನೊಳಗೆ ಕೂರಿಸಲು ಹೇಳಿದರು. ಕೂರಿಸಿದೆವು. ಸ್ಟಿಯರಿಂಗ್ ಹಿಡಿದು, ತೆರೆದ ಬಾಗಿಲಾಚೆಯ ಗುಡ್ಡವನ್ನು ನೋಡುತ್ತ ಕೂತರು. ಮಧ್ಯಾಹ್ನವಾದರೂ ಇಳಿಯಲಿಲ್ಲ. ನನಗೆ ತಡೆಯಲಾಗಲಿಲ್ಲ.

“ಮಾವ, ನಾನೇ ನಿಮ್ಮನ್ನ ಹೊತ್ಕೊಂಡು ಹೋಗ್ತೀನಿ, ಬನ್ನಿ.”

ಅವರು ಗುಡ್ಡದಿಂದ ಕಣ್ಣು ತೆಗೆಯಲಿಲ್ಲ.

“ಬೇಡ ಅಳಿಯಂದಿರೇ. ದಾರೀಲಿ ನನ್ನನ್ನೂ ಬಿಚ್ಚಿ ಹಾಕಿಬಿಡ್ತೀರಿ. ಆ ಕೆಲಸಕ್ಕೆ ನಾಳೆ ಡಾಕ್ಟರಿದ್ದಾರಲ್ಲ.”